ಕಾಂಟನ ಊರಿಗೆ ಎಷ್ಟು ದೂರ?

ಮಾಸ್ಕೋದಿಂದ ಕಲಿನಿನ್‌ಗ್ರಾಡ್‌ಗೆ ನೇರ ಗೆರೆ ಎಳೆದರೆ ಸುಮಾರು 1,100 ಕಿ.ಮೀ. 2022ರ ಫೆಬ್ರುವರಿಯವರೆಗೆ ವಿಮಾನ ಎರಡು ತಾಸಿನ ಆಸುಪಾಸಿನಲ್ಲಿ ಮುಟ್ಟುತ್ತಿತ್ತು. ಈಗ ಹೆಚ್ಚುಕಡಿಮೆ ಮೂರು ತಾಸು ಬೇಕು. ಊರುಗಳು ಜರುಗಿಲ್ಲ, ವಿಮಾನದ ವೇಗವೂ ತಗ್ಗಿಲ್ಲ. ರಷ್ಯಾ ಯುಕ್ರೇನ್ ಮೇಲೆ ದಂಡೆತ್ತಿ ಹೋದ ಬೆನ್ನಿಗೇ ಐರೋಪ್ಯ ಒಕ್ಕೂಟ ರಷ್ಯದ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು. ಪೋಲೆಂಡ್ ಮತ್ತು ಲಿಥುವೇನಿಯಾಗಳ ನಡುವೆ ಒಂಟಿಯಾಗಿ ಬಿದ್ದಿರುವ ಈ ರಷ್ಯನ್ ನೆಲಕ್ಕೆ ಹೋಗುವ ವಿಮಾನ ಈಗ ಮೊದಲು ಸೇಂಟ್ ಪೀಟರ್ಸ್‌ಬರ್ಗ್ ಕಡೆ ಹಾರಿ, ಫಿನ್ಲೆಂಡ್ ಕೊಲ್ಲಿಯ ನಡುಮಧ್ಯದಲ್ಲಿ ಸಾಗಿ, ಬಾಲ್ಟಿಕ್ ಕಡಲಿನ ಮೇಲೆ ದಕ್ಷಿಣಕ್ಕೆ ತಿರುಗುತ್ತದೆ.

ಹಾಗಾದರೆ ದೂರವೆಂಬುದು ಇರುವುದು ಎಲ್ಲಿ? ನೆಲದಲ್ಲೋ, ಅಳೆಯುವವನ ತಲೆಯಲ್ಲೋ?

ಇದನ್ನು ಕೇಳಲು ಕಲಿನಿನ್‌ಗ್ರಾಡ್‌ಗಿಂತ ತಕ್ಕ ಊರಿಲ್ಲ. 1946ರ ತನಕ ಅದು ಕೋನಿಗ್ಸ್‌ಬರ್ಗ್. ತತ್ತ್ವಜ್ಞಾನಿ ಇಮ್ಯಾನ್ಯುಯೆಲ್ ಕಾಂಟ್ 1724ರಲ್ಲಿ ಹುಟ್ಟಿದ್ದು, 1804ರಲ್ಲಿ ಸತ್ತದ್ದು ಅಲ್ಲೇ. ಪೂರ್ವ ಪ್ರಶ್ಯದ ಆಚೆ ಕಾಲಿಡದೆಯೇ ದಶಕಗಟ್ಟಲೆ ಭೂಗೋಳ ಪಾಠ ಹೇಳಿದ ಮಹಾಶಯ! ನ್ಯೂಟನ್ನನಿಗೆ ದೇಶ, ಅಂದರೆ ವಸ್ತುಗಳು ನೆಲೆಸುವ ಅವಕಾಶ, ವಸ್ತುಗಳಿಗಿಂತ ಮೊದಲೇ ಇದ್ದದ್ದು. ಲೈಬ್ನಿಜ್‌ನಿಗೆ ಅದು ವಸ್ತುಗಳ ನಡುವಿನ ಸಂಬಂಧ ಮಾತ್ರ. ನಮ್ಮ ವೈಶೇಷಿಕ ದಾರ್ಶನಿಕರು ದೂರ-ಹತ್ತಿರಗಳನ್ನು ಗುಣಗಳ ಪಟ್ಟಿಗೇ ಸೇರಿಸಿದ್ದರು. ದೇಶ-ಕಾಲಗಳು ನಾವು ಜಗತ್ತನ್ನು ಗ್ರಹಿಸುವ ಬಗೆಯೇ ಹೊರತು ನಮ್ಮಿಂದ ಬೇರೆಯಾಗಿ ನಿಂತ ವಸ್ತುಗಳಲ್ಲ ಎಂದು 1781ರಲ್ಲಿ ವಾದಿಸಿದವನು ಕಾಂಟ್.

ಆದರೆ ಆ ಮೂರನೆಯ ತಾಸನ್ನು ಈ ವಾದ ವಿವರಿಸಲಾರದು. ಕಾಂಟನ ದೇಶ ಎಲ್ಲ ಮನುಷ್ಯರಿಗೂ ಒಂದೇ. ಮುಚ್ಚಿದ ಆಕಾಶವಾದರೋ ವಿಮಾನದ ನೋಂದಣಿ ನೋಡಿ ದಾರಿ ಬಿಡುತ್ತದೆ. ತನ್ನ ನೆಲದ ಮೇಲಿನ ವಾಯುಪ್ರದೇಶಕ್ಕೆ ಆಯಾ ರಾಷ್ಟ್ರವೇ ಪೂರ್ಣ ಒಡೆಯ ಎಂದು 1944ರ ಶಿಕಾಗೋ ಒಪ್ಪಂದ ಒಪ್ಪಿಕೊಂಡಿದೆ. ಈ ದೂರ ಮನುಷ್ಯರು ಕೂತು ಬರೆದುಕೊಂಡದ್ದು, ಆದ್ದರಿಂದ ಇದು ನೀತಿಯ ಪ್ರಶ್ನೆ.

ಆ ಪ್ರಶ್ನೆಗೂ ಕಾಂಟನೇ ಒದಗುತ್ತಾನೆ. ಭೂಮಿ ದುಂಡಗಿರುವುದರಿಂದ ಜನ ಕೊನೆಯಿಲ್ಲದಂತೆ ಚದುರಿಹೋಗಲಾರರು, ಒಬ್ಬರನ್ನೊಬ್ಬರು ಸಹಿಸಲೇಬೇಕು. ಪರನಾಡಿಗೆ ಬಂದವನನ್ನು ಬಂದ ಮಾತ್ರಕ್ಕೆ ಶತ್ರುವೆಂದು ಕಾಣಬಾರದು ಎಂದು 1795ರ ಶಾಂತಿಯ ಪ್ರಬಂಧದಲ್ಲಿ ಬರೆದ. ಜತೆಗೊಂದು ಷರತ್ತು: ಬಂದವನು ಶಾಂತವಾಗಿರಬೇಕು. ಲಿಥುವೇನಿಯಾ ತನ್ನ ಆಕಾಶ ಮುಚ್ಚಿದ್ದಕ್ಕೆ ಈ ಷರತ್ತಿನಲ್ಲೇ ಸಮರ್ಥನೆ ಸಿಗುತ್ತದೆ. ಮೊಮ್ಮಗುವನ್ನು ನೋಡಲು ಹೊರಟ ಅಜ್ಜಿ ಯಾವ ಯುದ್ಧ ಸಾರಿದ್ದಳು ಎಂದು ಕೇಳಿದರೆ ಮಾತ್ರ ಆ ಸಮರ್ಥನೆ ತಡವರಿಸುತ್ತದೆ. ಶಾಂತವಾಗಿರಬೇಕಾದವನು ಪ್ರಯಾಣಿಕನೋ, ಅವನ ಸರ್ಕಾರವೋ? ಕಾಂಟ್ ಇದನ್ನು ಬಿಡಿಸಿ ಹೇಳಿಲ್ಲ.

ಊರಿನ ವಿಮಾನ ನಿಲ್ದಾಣಕ್ಕೆ ಯಾರ ಹೆಸರಿಡಬೇಕೆಂದು 2018ರಲ್ಲಿ ಜನರ ಮತ ಕೇಳಿದಾಗ ಕಾಂಟ್ ಮುಂದಿದ್ದ. ಅಷ್ಟರಲ್ಲಿ ಅವನ ಪ್ರತಿಮೆಗೆ ಯಾರೋ ಬಣ್ಣ ಎರಚಿದರು. ಅವನನ್ನು ದ್ರೋಹಿಯೆಂದು ಜರೆಯುವ ಚೀಟಿಗಳು ಬಿದ್ದವು. ಕೊನೆಗೆ ಗೆದ್ದದ್ದು ರಷ್ಯದ ಸಾಮ್ರಾಜ್ಞಿ ಎಲಿಜಬೆತ್‌ಳ ಹೆಸರು. 1758ರಲ್ಲಿ ಈ ಊರನ್ನು ಹಿಡಿದದ್ದು ಅವಳ ಸೇನೆಯೇ. ಪ್ರಾಧ್ಯಾಪಕ ಹುದ್ದೆ ಕೊಡಿಸಿ ಎಂದು ಕಾಂಟ್ ಅವಳಿಗೆ ಅರ್ಜಿ ಬರೆದಿದ್ದ; ಆ ಹುದ್ದೆ ಸಿಗಲಿಲ್ಲ.

ಅವನು ಹುಟ್ಟಿ 300 ವರ್ಷ ತುಂಬಿದ 2024ರಲ್ಲಿ ಅಂತರರಾಷ್ಟ್ರೀಯ ಕಾಂಟ್ ಸಮ್ಮೇಳನ ಕಲಿನಿನ್‌ಗ್ರಾಡ್‌ನಲ್ಲೇ ನಡೆಯಬೇಕಿತ್ತು. ನಡೆದದ್ದು ಜರ್ಮನಿಯ ಬಾನ್‌ನಲ್ಲಿ.