ಮರಳಿಬಂದ ಯೋಧನಿಗೆ ಸಲ್ಲತಕ್ಕುದು

ದೇವಋಣ, ಋಷಿಋಣ, ಪಿತೃಋಣಗಳೆಂದು ಶಾಸ್ತ್ರಕಾರರು ಮೂರು ಋಣಗಳನ್ನು ಹೇಳಿರುವರು. ಪ್ರಾಣವನ್ನು ಪಣವಾಗಿಟ್ಟು ಮರಳಿಬಂದ ಯೋಧನಿಗೆ ಜನರು ಸಲ್ಲಿಸಬೇಕಾದ ಋಣವು ಇವುಗಳಲ್ಲಿ ಯಾವುದನ್ನು ಹೋಲುವುದೆಂಬುದು ವಿಚಾರಾರ್ಹವಾದುದು.

ಮಡಿದವನ ವಿಷಯದಲ್ಲಿ ಕನ್ನಡನಾಡು ಹಿಂದೆಯೇ ಉತ್ತರವಿತ್ತಿದೆ. ಅವನಿಗೆ ವೀರಗಲ್ಲು, ಅವನ ಮನೆಯವರಿಗೆ ನೆತ್ತರುಗೊಡಗೆಯೆಂಬ ಭೂಮಿ. ಕಲ್ಲು ಕೀರ್ತಿಯನ್ನು ಕಾಯ್ದರೆ ಭೂಮಿಯು ಮಕ್ಕಳ ಹೊಟ್ಟೆಯನ್ನು ಕಾಯ್ದಿತು. ಆದರೆ ಬದುಕಿ ಬಂದವನಿಗೆ ಏನು?

ವೇತನವನ್ನು ಕೊಟ್ಟಲ್ಲಿಗೆ ಋಣವು ತೀರಿತೆಂಬವರುಂಟು. ವೇತನವು ಶ್ರಮಕ್ಕೆ ಬೆಲೆಯಾದೀತು. ಮೃತ್ಯುವಿನ ಎದುರಿನಲ್ಲಿ ಕಳೆದ ಗಳಿಗೆಗೆ ಬೆಲೆಯನ್ನು ಕಟ್ಟುವವರಾರು?

ಮೊದಲನೆಯ ಮಹಾಯುದ್ಧವನ್ನು ನೋಡಬಹುದು. 1914ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ಯುದ್ಧನಿಧಿಗೆ 50 ಲಕ್ಷ ರೂಪಾಯಿಗಳನ್ನಿತ್ತರು. ದಾವಣಗೆರೆಯೂ ಆಗ ಅವರ ಸಂಸ್ಥಾನಕ್ಕೆ ಸೇರಿದ ಊರೇ. ಮೈಸೂರು ಲ್ಯಾನ್ಸರ್ಸ್ ಎಂಬ ಅಶ್ವದಳವು ಕಡಲಾಚೆಗೆ ಹೋಗಿ, 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಳದೊಡನೆ, ಫಿರಂಗಿಗಳಿಗೂ ಮೆಷೀನ್‌ಗನ್ನುಗಳಿಗೂ ಎದುರಾಗಿ ನುಗ್ಗಿ ಹೈಫಾ ಪಟ್ಟಣವನ್ನು ಗೆದ್ದಿತು. 1922ರಲ್ಲಿ ದೆಹಲಿಯಲ್ಲಿ ಮೂರು ಪ್ರತಿಮೆಗಳೂ ನಿಂತವು. ಕೊಟ್ಟ ಹಣಕ್ಕೆ ಲೆಕ್ಕವುಂಟು, ಗೆದ್ದ ಊರಿಗೆ ಹೆಸರುಂಟು; ಅಂಚೆಯವನ ದಾರಿಯನ್ನು ಕಾಯುತ್ತ ಮನೆಗಳಲ್ಲಿ ಕಳೆದ ಇರುಳುಗಳಿಗೆ ಲೆಕ್ಕವೂ ಇಲ್ಲ, ಹೆಸರೂ ಇಲ್ಲ.

ಆ ಯುದ್ಧದಲ್ಲಿ ಫ್ರಾನ್ಸಿಗೆ ಹೋದ ಭಾರತೀಯ ಸಿಪಾಯಿಗಳನೇಕರು ಪರರ ಕೈಯಿಂದ ಕಾಗದವನ್ನು ಬರೆಯಿಸುತ್ತಿದ್ದರು. ಅಧಿಕಾರಿಗಳು ಅವನ್ನು ಓದಿ ಪರೀಕ್ಷಿಸಿದ ಬಳಿಕವೇ ಊರಿಗೆ ಬಿಡುತ್ತಿದ್ದರು. ಇಂತಹ ಕಾಗದದಲ್ಲಿ ಕ್ಷೇಮಸಮಾಚಾರವಲ್ಲದೆ ಅಂತರಂಗವು ಎಷ್ಟು ಹಿಡಿದೀತು? ಮನೆಯವರೂ ತಮ್ಮ ಕಷ್ಟವನ್ನು ಅಡಗಿಸಿಯೇ ಉತ್ತರವನ್ನು ಬರೆಯಿಸಿರಬೇಕು. ಹೀಗೆ ಉಭಯತರಲ್ಲಿಯೂ ಉಳಿದುಹೋದ ಮಾತು ಮರಳಿಬಂದ ಮೇಲೆಯೇ ಹೊರಬೀಳಬೇಕಾದುದು.

ಯಾಸ್ಕನು ಋಷಿಶಬ್ದವನ್ನು ದರ್ಶನದಿಂದ ನಿರ್ವಚಿಸಿರುವನು, ಕಂಡವನೇ ಋಷಿ. ಆ ಋಣವು ತೀರುವುದು ದ್ರವ್ಯದಿಂದಲ್ಲ, ಕೇಳಿ ಕಲಿತು ಮುಂದಿನವರಿಗೆ ಒಪ್ಪಿಸುವುದರಿಂದ. ಯೋಧನೂ ಇತರರು ಕಾಣದುದನ್ನು ಕಂಡವನು. ಅವನಿಗೆ ಸಲ್ಲತಕ್ಕುದೂ ಶ್ರವಣವೇ.

ಆದರೆ ಕೇಳುವವರು ಬಯಸುವುದು ಬಹುಮಟ್ಟಿಗೆ ಶೌರ್ಯದ ಕಥೆಯನ್ನು. ಭಯ, ಹಸಿವು, ಗೆಳೆಯನ ಮರಣ, ಶತ್ರುವಿನ ಮುಖದಲ್ಲಿ ಕಂಡ ಮನುಷ್ಯತ್ವ, ಇವುಗಳ ಮಾತು ಬಂದೊಡನೆ ಪ್ರಸಂಗವನ್ನು ಬದಲಿಸುವರು. ಅದು ಸನ್ಮಾನದ ಹೆಸರಿನಲ್ಲಿ ಅವನ ಬಾಯನ್ನು ಕಟ್ಟಿದಂತೆಯೇ ಸರಿ. ದಾವಣಗೆರೆಯ ಎಸ್.ಎಸ್. ಬಡಾವಣೆಯ ಮನೆಯಲ್ಲಾಗಲಿ ಹರಿಹರದ ಹೊಳೆಯ ದಂಡೆಯಲ್ಲಾಗಲಿ ನಿವೃತ್ತ ಯೋಧನೊಬ್ಬನು ಮಾತಿಗೆ ತೊಡಗಿದರೆ ಅದನ್ನು ಕೊನೆಯವರೆಗೂ ಕೇಳತಕ್ಕುದು. ಅವನನ್ನು ಕಾದಿದ್ದ ಗೃಹಿಣಿಯ ಮಾತನ್ನೂ ಅಷ್ಟೇ ಆದರದಿಂದ ಕೇಳತಕ್ಕುದು. ಕಲ್ಲು ನೆಡುವುದಕ್ಕೆ ಒಂದು ದಿನ ಸಾಕು. ಕೇಳುವುದಕ್ಕೆ ತಾಳ್ಮೆ ಬೇಕು.