ಯಾರ ಮರೆವು, ಯಾರ ಹಳಹಳಿಕೆ?

‘ಇಟ್ಸ್ ಜಸ್ಟ್ ಎ ಬರ್ನಿಂಗ್ ಮೆಮರಿ’ ಎಂಬ ಮೂರೂವರೆ ನಿಮಿಷದ ತುಣುಕನ್ನು ಮೊದಲ ಸಲ ಕೇಳಿದಾಗ ಅದರ ಹಿನ್ನೆಲೆ ನನಗೆ ಗೊತ್ತಿರಲಿಲ್ಲ. ಸವೆದ ಗ್ರಾಮಾಫೋನ್ ಪ್ಲೇಟಿನ ಚಿಟಪಟ ಸದ್ದು. ಅದರಾಚೆ, ಪಕ್ಕದ ಮನೆಯ ರೇಡಿಯೋದಂತೆ ಮಂದವಾಗಿ ಕೇಳುವ ವಾದ್ಯಗಳು. ನಾನು ಹುಟ್ಟುವ ಎಷ್ಟೋ ದಶಕಗಳ ಮುಂಚೆ, ನಾನು ಕಾಣದ ದೇಶದಲ್ಲಿ ಯಾರೋ ನುಡಿಸಿದ್ದು. ಆದರೂ ಏನನ್ನೋ ಕಳೆದುಕೊಂಡವನಂತೆ ಗಂಟಲು ಕಟ್ಟಿತು. ನನ್ನದಲ್ಲದ ಕಾಲಕ್ಕಾಗಿ ನಾನೇಕೆ ಹಳಹಳಿಸಬೇಕು? ಹಿನ್ನೆಲೆ ತಿಳಿದ ಮೇಲೆ ಈ ಪ್ರಶ್ನೆ ಇನ್ನಷ್ಟು ಕಷ್ಟದ್ದಾಯಿತು.

ಇದನ್ನು ಮಾಡಿದವರು ಇಂಗ್ಲೆಂಡಿನ ಜೇಮ್ಸ್ ಲೇಲ್ಯಾಂಡ್ ಕರ್ಬಿ. ಸ್ಟ್ಯಾನ್ಲಿ ಕುಬ್ರಿಕ್ ನಿರ್ದೇಶಿಸಿದ 1980ರ ‘ದಿ ಶೈನಿಂಗ್’ ಚಿತ್ರದಲ್ಲಿ, ಚಳಿಗಾಲಕ್ಕೆ ಮುಚ್ಚಿದ ಹೋಟೆಲನ್ನು ನೋಡಿಕೊಳ್ಳಲು ಬಂದವನಿಗೆ ಅಲ್ಲಿನ ಖಾಲಿ ಸಭಾಂಗಣದಲ್ಲಿ ಎಂದೋ ಮುಗಿದುಹೋದ ಸಂತೋಷಕೂಟವೊಂದು ಕಾಣುತ್ತದೆ. ಹಳೆಯ ನೃತ್ಯಸಂಗೀತ ಕೇಳಿಸುತ್ತದೆ. ಆ ದೃಶ್ಯದ ಪ್ರೇರಣೆಯಿಂದ ಕರ್ಬಿ ‘ದಿ ಕೇರ್‌ಟೇಕರ್’ ಎಂಬ ಹೆಸರಿಟ್ಟುಕೊಂಡು 1999ರಲ್ಲಿ ಮೊದಲ ಆಲ್ಬಂ ತಂದರು. ಹಳೆಯ ಪ್ಲೇಟುಗಳ ತುಣುಕುಗಳನ್ನು ನಿಧಾನಗೊಳಿಸಿ, ಮಸುಕಾಗಿಸಿ, ಮತ್ತೆ ಮತ್ತೆ ಸುತ್ತುವಂತೆ ಮಾಡುವುದು ಅವರ ವಿಧಾನ. ಅದೇ ಹೆಸರಿನಲ್ಲಿ 2016ರಿಂದ 2019ರವರೆಗೆ ಆರು ಭಾಗಗಳಲ್ಲಿ ಬಂದ ‘ಎವ್ರಿವೇರ್ ಅಟ್ ದಿ ಎಂಡ್ ಆಫ್ ಟೈಮ್’ ಸುಮಾರು ಆರೂವರೆ ಗಂಟೆಗಳ ಕೃತಿ. ಮರೆಗುಳಿ ಕಾಯಿಲೆ, ಅಂದರೆ ಡಿಮೆನ್ಷಿಯಾ, ಒಂದು ಮನಸ್ಸನ್ನು ಹಂತಹಂತವಾಗಿ ಅಳಿಸುವುದನ್ನು ಸಂಗೀತದಲ್ಲಿ ತೋರಿಸುವುದು ಅದರ ಉದ್ದೇಶ. ನಾನು ಕೇಳಿದ್ದು ಅದರ ಮೊಟ್ಟಮೊದಲ ತುಣುಕು.

ಅದರ ಮೂಲ 1931ರಲ್ಲಿ ಅಲ್ ಬೌಲಿ ಹಾಡಿದ ‘ಹಾರ್ಟೇಕ್ಸ್’. ಆ ಕಾಲದ ಲಂಡನ್ನಿನಲ್ಲಿ ಬೌಲಿ ಬಹಳ ಜನಪ್ರಿಯ ಗಾಯಕ. 1941ರಲ್ಲಿ ಲಂಡನ್ ಮೇಲೆ ಜರ್ಮನ್ ಬಾಂಬ್ ದಾಳಿ ನಡೆದಾಗ ತನ್ನ ಮನೆಯಲ್ಲೇ ಸತ್ತ. ಕರ್ಬಿಯ ತುಣುಕಿನ ಶೀರ್ಷಿಕೆ ಆ ಹಾಡಿನ ಸಾಲಿನಿಂದಲೇ ಬಂದದ್ದು. ಆದರೆ ತುಣುಕಿನೊಳಗೆ ಬೌಲಿಯ ದನಿ ಇಲ್ಲ, ವಾದ್ಯಗಳಷ್ಟೇ ಇವೆ. ಮಾತು ಹೋಗಿ ರಾಗ ಮಾತ್ರ ಉಳಿದಿದೆ.

ಇದೇ ರಾಗ ಎರಡನೆಯ ಭಾಗದಲ್ಲಿ, ಮೂರನೆಯ ಭಾಗದಲ್ಲಿ ಮರಳಿ ಬರುತ್ತದೆ, ಪ್ರತಿ ಸಲವೂ ಬೇರೆ ರೂಪದಲ್ಲಿ. ನಾಲ್ಕನೆಯ ಭಾಗಕ್ಕೆ ಬಂದರೆ ಹಾಡು ಎಂಬುದೇ ಇಲ್ಲ. ಒಂದೊಂದೂ ಇಪ್ಪತ್ತು ನಿಮಿಷ ಮೀರಿದ ಗದ್ದಲ, ನಡುವೆ ಎಲ್ಲೋ ಒಂದು ತುತ್ತೂರಿಯ ಚೂರು, ಆಮೇಲೆ ಬರೀ ಮೊರೆತ. ಕೊನೆಯ ಕೆಲವು ನಿಮಿಷ ದೂರದ ಹಾಡುಗಾರಿಕೆಯೊಂದು ಕೇಳುತ್ತದೆ. ನಂತರ ಒಂದು ನಿಮಿಷ ಮೌನ.

2020ರಲ್ಲಿ ಆರೂವರೆ ಗಂಟೆ ಒಂದೇ ಪಟ್ಟಿಗೆ ಕೂತು ಇದನ್ನು ಕೇಳುವುದು ಟಿಕ್‌ಟಾಕ್‌ನಲ್ಲಿ ಹದಿಹರೆಯದವರ ಪಂಥವಾಯಿತು. ಒಬ್ಬರ ಕಾಯಿಲೆ ಇನ್ನೊಬ್ಬರಿಗೆ ರೋಮಾಂಚನ ಆಗಬಹುದೇ ಎಂಬ ಆಕ್ಷೇಪ ಇಲ್ಲಿ ಸಹಜ. ಆದರೆ ನನ್ನನ್ನು ಕಾಡಿದ್ದು ಪಂಥವಲ್ಲ, ಆ ಮೊದಲ ತುಣುಕಿನ ಸೊಗಸು. ಮರೆವು ಇಷ್ಟು ಚೆಂದವೇ?

ನನ್ನ ದೊಡ್ಡಮ್ಮನಿಗೆ ಈ ಕಾಯಿಲೆ ಇತ್ತು. ಅವಳಲ್ಲಿ ನಾನು ಚೆಂದವೇನನ್ನೂ ಕಾಣಲಿಲ್ಲ. ಬೀರುವಿನ ಬೀಗದ ಕೈ ಕದ್ದಿದ್ದೀರಿ ಎಂದು ಮನೆಮಂದಿಯನ್ನೆಲ್ಲ ಬೈಯುತ್ತಿದ್ದಳು. ನಲವತ್ತು ವರ್ಷ ಬಾಳಿದ ಮನೆಯ ಪಡಸಾಲೆಯಲ್ಲೇ ಕೂತು, “ಮನೆಗೆ ಹೋಗೋಣ ನಡಿ, ಕತ್ತಲಾಯ್ತು” ಎಂದು ಹಟ ಹಿಡಿಯುತ್ತಿದ್ದಳು. ಒಮ್ಮೆ ನಾನು ಮೊಬೈಲಿನಲ್ಲಿ ಅವಳ ಕಾಲದ ಸಿನಿಮಾ ಹಾಡೊಂದನ್ನು ಹಾಕಿದೆ. ರೊಟ್ಟಿ ತಟ್ಟುತ್ತಾ ಅವಳು ಗುನುಗುತ್ತಿದ್ದ ಹಾಡು. ಕಣ್ಣಲ್ಲಿ ನೀರು ಬಂದೀತು, ಒಂದು ಸಾಲಾದರೂ ಹೇಳಿಯಾಳು ಎಂದು ಕಾದೆ. “ಆ ಗಲಾಟೆ ನಿಲ್ಸು” ಅಂದಳು. ಕಣ್ಣು ತುಂಬಿದ್ದು ನನಗೆ.

ಹಳಹಳಿಕೆ ಯಾರದು ಎಂಬುದು ಅಂದು ಗೊತ್ತಾಯಿತು. ಕಳೆದದ್ದಕ್ಕಾಗಿ ಹಳಹಳಿಸಬೇಕಾದರೆ ಕಳೆದಿದೆ ಎಂಬುದಾದರೂ ನೆನಪಿರಬೇಕು. ದೊಡ್ಡಮ್ಮನಿಗೆ ಅದೂ ಉಳಿದಿರಲಿಲ್ಲ. ಅವಳಿಗಿದ್ದದ್ದು ಈ ಹೊತ್ತಿನ ಭಯ, ಈ ಹೊತ್ತಿನ ಸಿಟ್ಟು. ಹಾಗೆ ನೋಡಿದರೆ ಕರ್ಬಿಯ ಮೊದಲ ತುಣುಕು ಮರೆಯುತ್ತಿರುವವರ ಮನಸ್ಸಿಗಿಂತ, ಅವರ ಹಾಸಿಗೆಯ ಪಕ್ಕದಲ್ಲಿ ಕೂತವರ ಮನಸ್ಸಿಗೆ ಹತ್ತಿರದ್ದು.

ಹಾಗೆಂದು ಅದನ್ನು ಸುಳ್ಳು ಎನ್ನಲಾರೆ. ನಮ್ಮಲ್ಲೂ ‘ಅರವತ್ತಕ್ಕೆ ಅರಳು ಮರಳು’ ಎಂಬ ಕುಹಕದ ಮಾತಿದೆ. ಬೇಂದ್ರೆ ಅದನ್ನೇ ತಮ್ಮ ಸಂಕಲನಕ್ಕೆ ಹೆಸರಾಗಿಟ್ಟರು. 1958ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮುಪ್ಪಿನ ಬೈಗುಳದೊಳಗೆ ಮತ್ತೆ ಅರಳುವುದೂ ಕೇಳಿಸುವ ಹೆಸರು ಅದು. ಮುಪ್ಪಿನಲ್ಲೂ ಮರೆವಿನಲ್ಲೂ ಕಲೆ ಚೆಲುವನ್ನು ಹುಡುಕುವುದು ತಪ್ಪಲ್ಲ. ತಪ್ಪು ಇರುವುದು ನಾವು ಎಲ್ಲಿ ನಿಲ್ಲುತ್ತೇವೆ ಎಂಬಲ್ಲಿ.

ನಾವು ನಿಂತದ್ದು ಮೊದಲ ತುಣುಕಿನಲ್ಲೇ. ಹಬ್ಬಕ್ಕೆ ಸೇರಿದಾಗ ದೊಡ್ಡಮ್ಮನ ಹೋಳಿಗೆ, ಅವಳ ಗಾದೆಗಳು, ಅವಳ ಜೋರು, ಎಲ್ಲವನ್ನೂ ಪಡಸಾಲೆಯಲ್ಲಿ ಕೂತು ನೆನೆದು ನಗುತ್ತಿದ್ದೆವು, ಕಣ್ಣೊರೆಸಿಕೊಳ್ಳುತ್ತಿದ್ದೆವು. ಅವಳು ಒಳಕೋಣೆಯಲ್ಲಿ ಒಬ್ಬಳೇ ಇರುತ್ತಿದ್ದಳು. ಇದ್ದವಳನ್ನು ಬಿಟ್ಟು ಹಿಂದೆ ಇದ್ದವಳ ಜೊತೆ ಮಾತಾಡುವುದು ನಮಗೆ ಹಿತವಾಗಿತ್ತು. ಅದನ್ನು ನಾವು ಪ್ರೀತಿ ಎಂದುಕೊಂಡಿದ್ದೆವು. ಅದು ಪ್ರೀತಿಯೂ ಇದ್ದಿರಬಹುದು. ಆದರೆ ಒಳಕೋಣೆಗೆ ಹೋಗದಿರಲು ಅದೇ ನೆಪವೂ ಆಗಿತ್ತು.

ಕರ್ಬಿಯ ಕೃತಿಯನ್ನು ಪೂರ್ತಿ ಕೇಳಿದ್ದು ಅವಳು ಹೋದ ಮೇಲೆ, ಒಂದು ಭಾನುವಾರ. ನಾಲ್ಕನೆಯ ಭಾಗ ಶುರುವಾದ ಮೇಲೆ ಎದ್ದು ಹೋಗಬೇಕು ಅನ್ನಿಸಿದ್ದು ಎಷ್ಟು ಸಲವೋ. ಅಲ್ಲಿ ಕೇಳುಗನಿಗೆ ಏನೂ ಸಿಗುವುದಿಲ್ಲ, ಹಿಡಿದುಕೊಳ್ಳಲು ರಾಗವಿಲ್ಲ, ಅಳಲು ನೆಪವಿಲ್ಲ. ಸುಮ್ಮನೆ ಕೂತಿರಬೇಕು. ಈ ಕೃತಿಯ ನೈತಿಕತೆ ಏನಾದರೂ ಇದ್ದರೆ ಅದು ಆ ಗಂಟೆಗಳಲ್ಲೇ ಇದೆ ಎಂದು ನನಗನ್ನಿಸುತ್ತದೆ. ಚೆಲುವು ಮುಗಿದ ಮೇಲೂ ಕೂತಿರುತ್ತೀಯಾ ಎಂದು ಅದು ಕೇಳುತ್ತದೆ.

ಅಂದು ನಾನು ಕೊನೆಯವರೆಗೂ ಕೂತಿದ್ದೆ. ದೊಡ್ಡಮ್ಮನ ಕೋಣೆಯಲ್ಲಿ ಒಂದು ಸಲವೂ ಅಷ್ಟು ಹೊತ್ತು ಕೂತಿರಲಿಲ್ಲ.