ಮದ್ದು ಮತ್ತು ಪಥ್ಯ

ನಾನು ಉಪಾಧ್ಯಾಯ ವೃತ್ತಿಯಲ್ಲಿದ್ದಾಗ ಒಮ್ಮೆ ವಿದ್ಯಾರ್ಥಿಗಳನ್ನು ಶ್ರೀರಂಗಪಟ್ಟಣದ ಕೋಟೆಗೆ ಕರೆದೊಯ್ದಿದ್ದೆನು. ಅಲ್ಲಿಯ ಮದ್ದಿನ ಮನೆಯನ್ನು ತೋರಿಸುತ್ತಿದ್ದಾಗ ಒಬ್ಬ ಬಾಲಕನು, “ಇಲ್ಲಿ ರೋಗಿಗಳಿಗೆ ಮದ್ದು ಕೊಡುತ್ತಿದ್ದರೇ, ಮೇಷ್ಟ್ರೆ?” ಎಂದು ಕೇಳಿದನು. ಮಿಕ್ಕವರು ನಕ್ಕರು, ನಾನೂ ನಕ್ಕೆನು. ಆ ನಗೆ ನನ್ನ ಅಜ್ಞಾನದ ಫಲವೆಂಬುದು ತಿಳಿದುದು ಬಹುಕಾಲದ ಮೇಲೆ.

ಪೆಟ್ಲುಪ್ಪು, ಗಂಧಕ, ಇದ್ದಿಲು, ಈ ಮೂರರ ಮಿಶ್ರಣವಾದ ಸಿಡಿಮದ್ದೇ ನಮ್ಮ ಪುರಾಣಗಳ ಆಗ್ನೇಯಾಸ್ತ್ರವೆಂದು ಹೇಳುವವರುಂಟು. ಅದಕ್ಕೆ ಆಧಾರ ಸಾಲದು. ಅದನ್ನು ಕಂಡುಕೊಂಡವರು ಚೀನದೇಶದ ರಸವಾದಿಗಳು, ಕಾಲ, ಕ್ರಿ.ಶ. 9ನೆಯ ಶತಮಾನದ ಸುಮಾರು. ಅವರು ಅರಸುತ್ತಿದ್ದುದು ಆಯುಧವನ್ನಲ್ಲ, ಮರಣವನ್ನು ಗೆಲ್ಲುವ ರಸಾಯನವನ್ನು. ಚೀನೀ ಭಾಷೆಯಲ್ಲಿ ಅದರ ಹೆಸರೂ ‘ಹುವೊಯಾವೊ’, ಎಂದರೆ ‘ಬೆಂಕಿಯ ಔಷಧ’. ಪಾರಸಿಯ ‘ದಾರೂ’, ಅರಬ್ಬಿಯ ‘ದವಾ’, ನಮ್ಮ ‘ಮದ್ದು’ ಇವೂ ಎರಡು ಅರ್ಥಗಳಲ್ಲಿ ಬಳಕೆಯಾದ ಮಾತುಗಳೇ. ಬಾಲಕನ ಪ್ರಶ್ನೆ ನಗತಕ್ಕದ್ದಾಗಿರಲಿಲ್ಲ.

ಈ ಮದ್ದಿನ ಪ್ರಯಾಣ ವಿಚಿತ್ರವಾದುದು. 1044ರಲ್ಲಿ ಚೀನದ ಯುದ್ಧಶಾಸ್ತ್ರಗ್ರಂಥವೊಂದು ಇದರ ಪಾಕಕ್ರಮಗಳನ್ನು ವಿವರಿಸಿತು. 1232ರಲ್ಲಿ ಕೈಫೆಂಗ್ ನಗರದವರು ತಮ್ಮನ್ನು ಮುತ್ತಿದ ಮಂಗೋಲರ ಮೇಲೆ ಕಬ್ಬಿಣದ ಸಿಡಿಗುಂಡುಗಳನ್ನು ಪ್ರಯೋಗಿಸಿದರು. ಅದೇ ಶತಮಾನದಲ್ಲಿ ಅರಬ್ಬರು ಪೆಟ್ಲುಪ್ಪನ್ನು ‘ಚೀನದ ಹಿಮ’ವೆಂದು ಕರೆಯುತ್ತಿದ್ದರು, 1280ರ ಸುಮಾರಿನಲ್ಲಿ ಹಸನ್ ಅಲ್-ರಮ್ಮಾಹನು ಅನೇಕ ಪಾಕಗಳನ್ನು ಬರೆದಿಟ್ಟನು. ಅದಕ್ಕೆ ಮುನ್ನವೇ, 1267ರಲ್ಲಿ, ಇಂಗ್ಲೆಂಡಿನ ರೋಜರ್ ಬೇಕನ್ ಇದನ್ನು ಮಕ್ಕಳ ಆಟದ ಸಾಮಾನಾಗಿ ವರ್ಣಿಸಿದ್ದನು. 1326ರಲ್ಲಿ ಫ್ಲಾರೆನ್ಸ್ ನಗರವು ತನ್ನ ರಕ್ಷಣೆಗೆ ತೋಪುಗಳನ್ನು ಮಾಡಿಸಲು ಆಜ್ಞೆಯಿತ್ತಿತು. 16ನೆಯ ಶತಮಾನದಲ್ಲಿ ಪೋರ್ಚುಗೀಸರ ತೋಪುಗಳು ಚೀನಕ್ಕೆ ಬಂದಾಗ ಅಲ್ಲಿಯವರು ಅವನ್ನು ‘ಫೊಲಾಂಗ್‌ಜಿ’ ಎಂದರು. ಅದು ನಮ್ಮ ‘ಫಿರಂಗಿ’ಯ ಸೋದರಶಬ್ದ, ಐರೋಪ್ಯನೆಂದು ಅರ್ಥ. ಮಗಳು ಪರರ ಹೆಸರು ಹೊತ್ತು ತೌರಿಗೆ ಬಂದಂತಾಯಿತು. ಮೈಸೂರಿನ ಕಬ್ಬಿಣದ ಕೊಳವೆಯ ಬಾಣಗಳೂ ಹೀಗೆಯೇ ಊರು ಬಿಟ್ಟವು: 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲೆಂಡಿಗೆ ಹೋಗಿ, ಕಾಂಗ್ರೀವನ ಕೈಯಲ್ಲಿ ಹೊಸ ರೂಪ ತಳೆದು, 1807ರಲ್ಲಿ ಕೋಪನ್‌ಹೇಗನ್ ನಗರವನ್ನು ಸುಡುವುದಕ್ಕೆ ನೆರವಾದವು.

ಹಾಗಾದರೆ ಪಾಪವು ಯಾರದು? ವಸ್ತು ನಿರ್ದೋಷಿ, ಪ್ರಯೋಗಿಸುವವನೇ ದೋಷಿ ಎಂಬುದು ರೂಢಿಯ ಸಮಾಧಾನ. ಅದು ಅರ್ಧಸತ್ಯ. ಬಂಡೆಯನ್ನೊಡೆದು ಬಾವಿ ತೋಡಿದುದೂ ಇದೇ ಮದ್ದೆಂಬುದು ದಿಟ. ಆದರೆ ಇದನ್ನು ಕುರಿತ ಅತಿ ಪ್ರಾಚೀನವಾದ ಉಲ್ಲೇಖಗಳಲ್ಲೊಂದನ್ನು ನೋಡಿರಿ. ಗಂಧಕ, ಮನಶ್ಶಿಲೆ, ಪೆಟ್ಲುಪ್ಪುಗಳನ್ನು ಜೇನಿನೊಡನೆ ಕಾಯಿಸಿದವರ ಕೈಯೂ ಮುಖವೂ ಬೆಂದು, ಮನೆಯೂ ಉರಿದುಹೋಯಿತೆಂದು ತಾವೋ ಮತದ ಗ್ರಂಥವೊಂದು ಎಚ್ಚರಿಸುತ್ತದೆ. ಆ ಎಚ್ಚರಿಕೆ ಮಾಡುವವನ ಮೈಯನ್ನೂ ಮನೆಯನ್ನೂ ಕುರಿತದ್ದು. ನೆರೆಯವನ ಮನೆಯ ಮಾತು ಅದರಲ್ಲಿಲ್ಲ.

ವೈದ್ಯನು ಮದ್ದಿನೊಡನೆ ಪಥ್ಯವನ್ನೂ ಹೇಳುತ್ತಾನೆ. ಈ ಮದ್ದು ಮಾತ್ರ ಪಥ್ಯವಿಲ್ಲದೆ ದೇಶದಿಂದ ದೇಶಕ್ಕೆ ನಡೆಯಿತು. ಹೇಳಿದ್ದರೆ ಲೋಕ ಕೇಳುತ್ತಿತ್ತೆಂದು ನಾನು ನಂಬೆನು. ಆದರೆ ಕೇಳದ ರೋಗಿಗಳುಂಟೆಂದು ವೈದ್ಯನು ಪಥ್ಯ ಹೇಳುವುದನ್ನು ಬಿಡುವನೆ? ಹೇಳುವುದು ಬಲ್ಲವನ ಋಣ. ಮೂವತ್ತು ವರ್ಷ ಪಾಠ ಹೇಳಿದ ನಾನು ಎಷ್ಟು ವಿದ್ಯೆಯನ್ನು ಪಥ್ಯದೊಡನೆ ಕೊಟ್ಟೆನೆಂದು ಈಗ ಎಣಿಸಿಕೊಳ್ಳುತ್ತೇನೆ. ಆ ಬಾಲಕನಿಗೆ ಅಂದು ಉತ್ತರ ಹೇಳದೆ ನಕ್ಕುದು ಆ ಲೆಕ್ಕದಲ್ಲಿ ಮೊದಲನೆಯ ಬಾಕಿ.